ಇಂದ ಗಿಣಿ, ಗೆ ಗಿಣಿ

ಹಲೋ... ಹಾಂ, ಹಲೋ, ಯಾರು ಮಾತಾಡ್ತಿರೋದು? ಇರಿ ಇರಿ, ಒಂದು ಕೈಲಿ ಇಸ್ತ್ರಿಪೆಟ್ಟಿಗೆ ಇದೆ, ಫೋನು ಕಿವಿಗೆ ಸರಿಯಾಗಿ ಕೂತಿಲ್ಲ... ಈಗ ಹೇಳಿ. ಯಾರು?

...

ಎಲ್ಲಿಂದ ಮಾತಾಡ್ತಿದ್ದೀನಿ ಅಂದ್ರೆ? ಮನೆಯಿಂದ. ಫೋನ್ ಮಾಡಿದ್ದು ನೀವು, ವಿಳಾಸ ನಾನು ಹೇಳ್ಬೇಕಾ?... ಏನಾಯ್ತು ಅಂತ ನನ್ನ ಕೇಳಿದ್ರೆ? ಏನೂ ಆಗಿಲ್ಲಮ್ಮ. ದಿಂಬಿನ ಕವರಿಗೆ ಇಸ್ತ್ರಿ ಹಾಕ್ತಿದ್ದೆ, ಅಷ್ಟೆ... ಒಂದ್ನಿಮಿಷ. ಈ ದನಿ... ಗಿಣಿ? ಏ ಗಿಣಿ, ನೀನಾ?

...

ಅಯ್ಯೋ ಹುಡುಗಿ! ದೊಡ್ಡಮ್ಮಂಗೆ ಫೋನ್ ಮಾಡಿ 'ಆಂಬುಲೆನ್ಸ್ ಸೇವೆ, ಎಲ್ಲಿಂದ ಮಾತಾಡ್ತಿದ್ದೀರಿ, ಏನಾಯ್ತು ಹೇಳಿ' ಅಂತೀಯಲ್ಲ! ಇನ್ನೇನು ನನ್ನ ಮನೆ ಮುಂದೆ ಗಾಡಿ ತಂದು ನಿಲ್ಲಿಸ್ತಿದ್ದೆ ನೋಡು... ನಗ್ತಿದ್ದೀಯಾ?... ಗಿಣಿ? ನಗು ಅಲ್ವಾ ಅದು?

...

ಸರಿ. ಅಳು. ನಾನು ಏನೂ ಕೇಳಲ್ಲ.

...

ಇಲ್ಲೇ ಇದ್ದೀನಿ. ಎಲ್ಲೂ ಹೋಗಿಲ್ಲ.

...

ಎಲ್ಲಿದ್ದೀಯ ಈಗ?... ಕಂಟ್ರೋಲ್ ರೂಮಿನ ಹೊರಗೆ, ಮೆಟ್ಟಿಲ ಮೇಲೆ. ಹಾಂ. ನಿಂತಿದ್ದೀಯಾ, ಕೂತಿದ್ದೀಯಾ?... ಕೂತ್ಕೋ. ಗೋಡೆಗೆ ಒರಗು. ಬೆನ್ನು ಪೂರ್ತಿ ಗೋಡೆಗೆ ಹತ್ಲಿ. ಬಿಡುವು ಎಷ್ಟು ಹೊತ್ತು?

...

ಹತ್ತು ನಿಮಿಷ. ಅದರಲ್ಲಿ ಮೂರು ಆಗ್ಲೇ ಹೋಯ್ತು. ಬ್ಯಾಟರೀನೂ ಕೆಂಪಾ? ಇರ್ಲಿ. ಏಳು ನಿಮಿಷ ಏನು ಕಡಿಮೆ ಅಲ್ಲ. ಆಸ್ಪತ್ರೆ ಲಾಂಡ್ರೀಲಿ ಅಷ್ಟು ಹೊತ್ತಿಗೆ ನಾನು ಹನ್ನೆರಡು ಹೊದಿಕೆ ಮಡಚಿ ಇಡ್ತಿದ್ದೆ. ನಿಧಾನಕ್ಕೆ ಹೇಳು. ಏನಾಯ್ತು?

...

ಹಾಂ... ಒಬ್ಬರು ವಯಸ್ಸಾದೋರು ಫೋನ್ ಮಾಡಿದ್ರು. ಹೆಂಡತಿ ಅಡುಗೆಮನೇಲಿ ಬಿದ್ದುಬಿಟ್ಟಿದ್ರು... ಎದೆ ಹೇಗೆ ಒತ್ತಬೇಕು ಅಂತ ನೀನು ಹೇಳಿಕೊಟ್ಟೆ. ಅವರ ಜೊತೆ ಎಣಿಸ್ದೆ. ಎಷ್ಟು ಹೊತ್ತು?... ಹನ್ನೊಂದು ನಿಮಿಷಾನಾ!

...

ಆಮೇಲೆ ಗಾಡಿಯವರು ಬಾಗಿಲು ಬಡಿದ್ರು, ಅವರು ಫೋನ್ ಇಟ್ರು. ಆ ತಾಯಿ ಉಳಿದ್ರಾ?... ಗೊತ್ತಿಲ್ಲ. ನಿಮಗೆ ಯಾರೂ ಹೇಳೋದಿಲ್ವಾ? ಯಾವತ್ತೂ?... ಆರು ವರ್ಷದಲ್ಲಿ ಒಂದು ಸಲಾನೂ ಇಲ್ವಾ? ಹೌದಮ್ಮ, ಅಷ್ಟರಲ್ಲಿ ಮುಂದಿನ ಫೋನು ಬಂದಿರುತ್ತೆ. ಅದಕ್ಕೇ ಅಳು ಬಂತಾ?

...

ಅದಲ್ವಾ? ಮತ್ತಿನ್ನೇನು?

...

ಮೂರು ಸಲ ಅಂದ್ರೆ?... ಮುಂದಿನ ಹೆಂಗಸು ಮನೆ ನಂಬರು ಹೇಳಿದ್ಲು, ನೀನು ಬರ್ಕೊಳ್ಲಿಲ್ಲ. ಇನ್ನೊಂದು ಸಲ ಕೇಳ್ದೆ, ಬೆರಳು ಆಡ್ಲಿಲ್ಲ. ಮೂರನೇ ಸಲ ಕೇಳಿದಾಗ ಅವಳು ಕಿರುಚಿದ್ಲು... ಪಕ್ಕದ ಸೀಟಿನವಳು ಆ ಕರೆ ತನ್ನ ಕಡೆ ಎಳ್ಕೊಂಡ್ಲು. ಗಾಡಿ ಹೋಯ್ತಾ?... ಹೋಯ್ತು. ಅಬ್ಬ. ಅವಳು ಕಿರುಚಿದಾಗ ನಿನಗೆ ಏನನ್ನಿಸ್ತು ಗಿಣಿ?

...

ಏನೂ ಅನ್ನಿಸ್ಲಿಲ್ಲ.

...

ಪಕ್ಕದ ಮನೆ ರೇಡಿಯೋ ಕೇಳಿದ ಹಾಗೆ. ಹೂಂ... ಅಲ್ಲಮ್ಮ, ನೀನು ಕಲ್ಲಾಗಿಲ್ಲ. ಕಲ್ಲು ಮೆಟ್ಟಿಲ ಮೇಲೆ ಕೂತು ದೊಡ್ಡಮ್ಮಂಗೆ ಫೋನ್ ಮಾಡುತ್ತಾ?

...

ಗಿಣಿ, ಆ ಚೀಟಿ ಎಲ್ಲಿದೆ?... ಯಾವ ಚೀಟಿ ಅಂತ ಕೇಳ್ಬೇಡ. ಮೂರು ತಿಂಗಳ ಹಿಂದೆ ನಿಮ್ಮಮ್ಮನ ಎದುರಿಗೆ ಕೂತು ಬರ್ದ್ಯಲ್ಲ, ರಜಾ ಚೀಟಿ. ಕೊಟ್ಟೆ ಅಂತ ಅವಳಿಗೆ ಹೇಳಿದ್ದೀಯ. ನಂಗೇನೋ ಅನುಮಾನವೇ ಇತ್ತು... ಜೇಬಲ್ಲೇ ಇದ್ಯಾ? ಮೂರು ತಿಂಗಳಿಂದ? ಮಡಿಕೆ ಹರಿದು ಎರಡು ಹೋಳಾಗಿರಬೇಕು. ತೆಗಿ. ಓದು.

...

ಹಾಂ. ಇಂದ, ನಿನ್ನ ಹೆಸರು. ಗೆ, ಪಾಳಿಯ ಮೇಲ್ವಿಚಾರಕರು. ನಿಮಿಷ ಎಣಿಸೋ ನಿಮ್ಮ ಗಡಿಯಾರ ಮೇಡಮ್ಮು, ಅಲ್ವಾ? 'ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನಗೆ'... ಆಮೇಲೆ?... ಆಮೇಲೆ ಖಾಲಿ ಜಾಗ? 'ಆದ್ದರಿಂದ ಮೂರು ವಾರಗಳ ರಜೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.' ಕಾರಣ ಎಲ್ಲಿ ಹೋಯ್ತೇ?

...

ಜ್ವರ ಇಲ್ಲ. ಕೈಕಾಲು ಮುರಿದಿಲ್ಲ. ಮನೇಲಿ ಯಾರೂ ಸತ್ತಿಲ್ಲ... ಸತ್ತೋರೆಲ್ಲ ಬೇರೆಯವರ ಮನೆಯೋರು, ಅದಕ್ಕೆಲ್ಲ ರಜೆ ಕೇಳಿದ್ರೆ ನಗ್ತಾರೆ ಅಂತೀಯ. ಹೂಂ... ಗಿಣಿ, ಏನೋ ಸುಟ್ಟ ವಾಸನೆ... ಅಯ್ಯಯ್ಯೋ, ಇಸ್ತ್ರಿಪೆಟ್ಟಿಗೆ!

...

ಪ್ಲಗ್ಗಾ? ತೆಗ್ದೆ, ತೆಗ್ದೆ... ಇಲ್ಲ, ಬೆಂಕಿ ಹತ್ತಿಲ್ಲ. ಬರೀ ಹೊಗೆ... ಹಿಂದಕ್ಕೇ ನಿಂತಿದ್ದೀನಿ... ಕಿಟಕಿ ತೆಗೀತಿದ್ದೀನಿ, ಇರೇ... ಕೈ ಸುಟ್ಟಿಲ್ಲ. ಉಸಿರೂ ಚೆನ್ನಾಗಿ ಆಡ್ತಿದೆ. ಕವರಿನ ಮೇಲೆ ಪೆಟ್ಟಿಗೆ ಅಚ್ಚು ಮಾತ್ರ ಚೆನ್ನಾಗಿ ಮೂಡಿದೆ. ಮೂವತ್ತು ವರ್ಷ ಇಸ್ತ್ರಿ ಮಾಡಿದೋಳು ಬಟ್ಟೆ ಸುಟ್ಟೆ ಅಂತ ನಿಮ್ಮಮ್ಮಂಗೆ ಹೇಳ್ಬೇಡ. ಸಾಯೋವರೆಗೂ ಆಡ್ಕೊಳ್ತಾಳೆ.

...

ನೋಡಿದ್ಯಾ? ನನ್ನ ಮನೇಲಿ ಹೊಗೆ ಅಂದ ಕೂಡ್ಲೇ ನಿನ್ನ ದನಿ ಗಟ್ಟಿಯಾಯ್ತು. ಒಂದೇ ಉಸಿರಿಗೆ ಆರು ಪ್ರಶ್ನೆ ಕೇಳ್ದೆ. ಈಗ ನಾನು ಒಂದು ಕೇಳ್ತೀನಿ. ನೀನು ನಿದ್ದೆ ಮಾಡಿ ಎಷ್ಟು ದಿನ ಆಯ್ತು?

...

ನಿದ್ದೆ ಕೇಳಿದ್ರೆ ಸೀಟಿನ ಲೆಕ್ಕ ಹೇಳ್ತೀಯಲ್ಲ.

...

ಅದು ನಿಜ, ಎರಡು ಸೀಟು ಖಾಲಿ ಇವೆ. ನೀನೂ ಹೋದ್ರೆ ಮೂರು. ಉಳಿದೋರ ಮೇಲೆ ಬೀಳುತ್ತೆ, ಅದೂ ನಿಜ. ನಾನು ಇಲ್ಲ ಅನ್ನಲ್ಲ... ಆದ್ರೆ ಇವತ್ತು ಆ ಫೋನು ಎತ್ತಿದ್ದು ಯಾರು? ಪಕ್ಕದ ಸೀಟಿನವಳು, ಅಲ್ವಾ? ನಾಳೆ ಅವಳು ನೀರು ಕುಡಿಯೋಕೆ ಎದ್ದು ಹೋಗಿದ್ರೆ? ಯಾರೋ ಹೆಂಗಸು ಮನೆ ನಂಬರು ಹದಿನಾರು ಅಂತಾಳೆ, ನೀನು ಅರವತ್ತೊಂದು ಅಂತ ಬರೀತೀಯ. ಆಗ?

...

ಗಿಣಿ?... ಎದ್ದು ನಿಂತ್ಯಾ? ಕೂತ್ಕೋ.

...

ಹೆದರಿಸ್ತಿಲ್ಲ ಪುಟ್ಟ. ಈ ಮಾತು ನಿನಗೆ ನನಗಿಂತ ಮೊದ್ಲೇ ಗೊತ್ತಿತ್ತು. ಗೊತ್ತಿದ್ದಕ್ಕೇ ಸೀಟು ಬಿಟ್ಟು ಹೊರಗೆ ಬಂದಿದ್ದೀಯ. ಎಷ್ಟು ನಿಮಿಷ ಉಳೀತು?... ನಾಲ್ಕು. ಸಾಕು. ಒಂದು ಕಥೆ ಹೇಳ್ತೀನಿ, ನಡುವೆ ಬಾಯಿ ಹಾಕ್ಬೇಡ.

...

ನಾನು ರಾತ್ರಿ ಶಾಲೆಗೆ ಸೇರಿದಾಗ ನಲವತ್ತೊಂದು ವಯಸ್ಸು, ಗೊತ್ತಲ್ಲ. ಬೆಂಚು ಚಿಕ್ಕದು, ಮಂಡಿ ಮೇಜಿಗೆ ತಾಗೋದು. ಒಂದಿನ ಮೇಷ್ಟ್ರು ರಜಾ ಚೀಟಿ ಬರೆಯೋದು ಕಲಿಸಿದ್ರು. ಮೇಲೆ ಇಂದ, ಕೆಳಗೆ ಗೆ. ಬೋರ್ಡಿನ ಮೇಲೆ 'ನನಗೆ ಜ್ವರ ಬಂದಿರುವುದರಿಂದ' ಅಂತ ಬರೆದಿದ್ರು. ಎಲ್ಲರೂ ಜ್ವರ ಅಂತಲೇ ಬರೆದ್ರು. ಬಡಗಿಗೂ ಜ್ವರ, ಹೂ ಕಟ್ಟೋಳಿಗೂ ಜ್ವರ. ಇಡೀ ಕ್ಲಾಸಿಗೆ ಒಂದೇ ದಿನ ಜ್ವರ. ನನಗೆ ಮಾತ್ರ ಬರೆಯೋಕಾಗ್ಲಿಲ್ಲ.

...

ಯಾಕೆ ಅಂದ್ರೆ ಜ್ವರ ಇರ್ಲಿಲ್ವಲ್ಲ. ನಿನ್ನ ದೊಡ್ಡಪ್ಪ ಹೋಗಿ ಎಂಟು ತಿಂಗಳಾಗಿತ್ತು. ಹೋದಾಗ ಲಾಂಡ್ರೀಲಿ ಒಂದು ವಾರ ರಜೆ ಕೊಟ್ಟಿದ್ರು. ಆ ವಾರ ಮನೆ ತುಂಬ ಜನ, ಅಳೋಕೂ ಪುರುಸೊತ್ತಿರ್ಲಿಲ್ಲ. ಎಂಟು ತಿಂಗಳಾದ್ಮೇಲೆ ಒಂದು ಬೆಳಿಗ್ಗೆ ಹೊದಿಕೆ ಮಡಚೋಕೆ ಹೋದ್ರೆ ಕೈ ಏಳ್ಲಿಲ್ಲ. ನೋವಿಲ್ಲ, ಬಾವಿಲ್ಲ. ಕೈ ಸುಮ್ಮನೆ ಮೇಜಿನ ಮೇಲೆ ಬಿದ್ದಿತ್ತು, ಯಾರದ್ದೋ ಕೈಯ ಹಾಗೆ.

...

ಹೂಂ, ನಿನ್ನ ಬೆರಳಿನ ಹಾಗೇ. ಅದಕ್ಕೆ ನಾನು 'ನನಗೆ ದಣಿವಾಗಿರುವುದರಿಂದ' ಅಂತ ಬರೆದೆ. ಮೇಷ್ಟ್ರು ಜೋರಾಗಿ ಓದೋಕೆ ಹೇಳಿದ್ರು. ಎದ್ದು ನಿಂತು ಓದ್ದೆ. ಓದಿದ ಮೇಲೆ ಗೊತ್ತಾಯ್ತು, ಇಂದ ಅಂತ ಇರೋ ಕಡೇನೂ ನನ್ನ ಹೆಸರು, ಗೆ ಅಂತ ಇರೋ ಕಡೇನೂ ನನ್ನ ಹೆಸರು! ಆಗ ತಾನೇ ಬರೆಯೋಕೆ ಕಲಿತಿದ್ದೆ ನೋಡು, ಖಾಲಿ ಜಾಗ ಕಂಡಲ್ಲೆಲ್ಲ ಹೆಸರು ತುಂಬ್ತಿದ್ದೆ. ಬಡಗಿ ಬಿದ್ದು ಬಿದ್ದು ನಕ್ಕ. ಮೇಷ್ಟ್ರೂ ನಕ್ಕರು. ನಕ್ಕು, 'ಸರಿ ತಾಯಿ, ಅರ್ಜಿ ನಿಮ್ಮ ಮೇಜಿಗೇ ಬಂದಿದೆ. ಮಂಜೂರು ಮಾಡ್ತೀರಾ?' ಅಂದ್ರು.

...

ನಾನೇನಂದೆ ಗೊತ್ತಾ? 'ಯೋಚನೆ ಮಾಡಿ ಹೇಳ್ತೀನಿ ಸಾರ್' ಅಂದೆ.

...

ಹಾಂ, ಹೀಗೆ ನಗು. ಇದು ನಗುವೇ, ಗುರುತು ಸಿಕ್ತು... ಆದ್ರೆ ಕೇಳು. ನಿಜವಾದ ಚೀಟಿ ಬರೆದು ಕೊಡೋಕೆ ಹನ್ನೊಂದು ದಿನ ಬೇಕಾಯ್ತು ನನಗೆ. ನಮ್ಮ ಲಾಂಡ್ರಿ ಸಾಹೇಬರು ಐದು ನಿಮಿಷದಲ್ಲಿ ಸಹಿ ಹಾಕಿದ್ರು. ಸತಾಯಿಸಿದೋಳು ನಾನೇ. ಆಮೇಲೆ ನಿಮ್ಮನೆಗೆ ಬಂದು ನಾಲ್ಕು ದಿನ ಮಲಗಿದೆ. ನಿನಗಾಗ ಮೂರು ವರ್ಷ. ಹಾಸಿಗೆ ಪಕ್ಕ ಕೂತು 'ಏನಾಯ್ತು ದೊಡ್ಡಮ್ಮ, ಏನಾಯ್ತು ದೊಡ್ಡಮ್ಮ' ಅಂತ ಒಂದೇ ಸಮ ಕೇಳ್ತಿದ್ದೆ. ಅವತ್ತಿಂದಲೇ ನೀನು ಗಿಣಿ ಆಗಿದ್ದು. ಈಗ ಅದೇ ಮಾತನ್ನ ದಿನಾ ನೂರು ಜನಕ್ಕೆ ಕೇಳ್ತೀಯ.

...

ಪೆನ್ ಇದ್ಯಾ?... ಚೀಟಿ ಹಿಂಭಾಗ ತಿರುಗಿಸು. ಬರಿ. ಇಂದ, ಗಿಣಿ. ಅದರ ಕೆಳಗೆ, ಗೆ, ಗಿಣಿ... ಹುಡುಗಾಟ ಅಲ್ವೇ, ಬರಿ. ಕಾರಣ ನೀನೇ ಹಾಕು. ನಾನು ಹೇಳಿಕೊಡಲ್ಲ.

...

ಓದು.

...

'ನನ್ನ ಹತ್ರ ಕೇಳೋಕೆ ಇನ್ನೇನೂ ಉಳಿದಿಲ್ಲ.' ಹಾಂ... ಹಾಂ ಪುಟ್ಟ. ಕೆಳಗೆ ಮಂಜೂರು ಅಂತ ಬರೆದು ಸಹಿ ಹಾಕು... ಸೊಟ್ಟ ಆಗ್ಲಿ ಬಿಡು. ನನ್ನ ಸಹಿಯೂ ಕೋಳಿ ಕೆರೆದ ಹಾಗಿತ್ತು, ನಡೀತು. ಈಗ ಈ ಕಡೆ ತಿರುಗಿಸಿ, ಆ ಖಾಲಿ ಜಾಗದಲ್ಲಿ ಎರಡೇ ಮಾತು ಬರಿ. 'ತುಂಬಾ ದಣಿವಾಗಿದೆ.' ಸಾಕು. ಇವತ್ತಿನ ತಾರೀಖು ಹಾಕು.

...

ಏನದು ಸದ್ದು? ಬಾಗಿಲಾ?... ಗಡಿಯಾರ ಮೇಡಮ್ಮಾ? ಇನ್ನೂ ಒಂದು ನಿಮಿಷ ಇದೆಯಲ್ಲ!... ಸೀಟಿಗೆ ಬಾ ಅಂತಿದ್ದಾರಾ? ಕೇಳಿಸ್ತು. ದನಿ ಜೋರಾಗೇ ಇದೆ. ಗಿಣಿ, ಏಳ್ಬೇಡ. ಕೂತೇ ಕೊಡು... ಮೊದಲೇ ಕ್ಷಮಿಸಿ ಅನ್ನಬೇಡ. ಬಾಯಲ್ಲಿ ಏನೂ ಹೇಳಬೇಡ, ಚೀಟಿ ಕೊಡು. ಕೈ ಚಾಚು.

...

ಗಿಣಿ?

...

ಕೊಟ್ಯಾ?... ಕೊಟ್ಟೆ! ಅವರ ಕೈಲಿದ್ಯಾ? ಏನಂತಿದ್ದಾರೆ?... ಜೋರಾಗಿ ಓದ್ತಿದ್ದಾರಲ್ಲ... 'ಇಂದ ಗಿಣಿ, ಗೆ'... ಅಯ್ಯೋ ಹುಚ್ಚಿ, ಹಿಂಭಾಗ ಮೇಲೆ ಮಾಡಿ ಕೊಟ್ಟಿದ್ದೀಯಲ್ಲೇ! ತಿರುಗಿಸಿ ಓದೋಕೆ ಹೇಳು...

...

ಏನು ಕೇಳಿದ್ರು? ಗಿಣಿ ಅಂದ್ರೆ ಯಾರು ಅಂತಾನಾ?... ಹೇಳೇ. ನಾನೇ ಅಂತ ಹೇಳು. ಮಂಜೂರು ಮಾಡಿದೋಳೂ ನಾನೇ ಅಂತ... ಹೇಳಿದ್ಯಾ? ನಂಗೆ ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದು ಸಲ ಹೇಳು, ಗಿಣಿ... ಹಲೋ?... ಬ್ಯಾಟರಿ ಹೋಯ್ತಾ? ಹಲೋ, ಗಿ...