ಕಿಟಕಿಗೆ ಸಿಕ್ಕಿದ ಕೈ, ಬೆನ್ನಿಗೆ ಬಿದ್ದ ಕೋಲು

ಹೆಸರು ಆಧಾರ್ ಕಾರ್ಡಿನಲ್ಲಿ ಇದ್ದಂತೆ. ಬೀದಿಯಲ್ಲಿ ಎಲ್ಲರೂ ಕರೆಯುವುದು ಸ್ಪ್ಯಾನರ್ ಅಂತ. ವಯಸ್ಸು ಹತ್ತೊಂಬತ್ತು. ಓದು ಎಂಟನೇ ಕ್ಲಾಸು, ಅದೂ ಅರ್ಧ. ಕೆಲಸ ಬೈಕ್ ರಿಪೇರಿ ಅಂಗಡಿಯಲ್ಲಿ. ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಅಮ್ಮ, ಅಜ್ಜಿ, ಸೋದರಮಾವನ ಜೊತೆ. ಠಾಣೆಗೆ ನಾನೇ ನಡೆದು ಬಂದು, ಯಾರೂ ಹೇಳಿಕೊಡದೆ ಬರೆಸುತ್ತಿರುವುದು ಹೀಗಿದೆ.

ಮಾವನ ಹತ್ತಿರ ಹಳೆಯ ಕಾರು ಇದೆ, ಬಾಡಿಗೆಗೆ ಓಡಿಸುತ್ತಾರೆ. ಅದರ ಮುಂದಿನ ಎಡಬಾಗಿಲ ಕಿಟಕಿಯ ಮೋಟಾರನ್ನು ಹೋದ ತಿಂಗಳು ಮನೆಯಲ್ಲೇ ಬದಲಾಯಿಸಿದ್ದೆ. ಆಗ ಎರಡು ವೈರು ಅದಲುಬದಲಾದವು. ಸ್ವಿಚ್ಚನ್ನು ಮೇಲಕ್ಕೆ ಒತ್ತಿದರೆ ಗ್ಲಾಸು ಇಳಿಯುತ್ತಿತ್ತು, ಕೆಳಕ್ಕೆ ಒತ್ತಿದರೆ ಏರುತ್ತಿತ್ತು. ಬಿಚ್ಚಿ ಸರಿಮಾಡುತ್ತೇನೆ ಎಂದರೆ ಮಾವ, ಏರಿ ಇಳಿದ್ರೆ ಸಾಕಲ್ವೇನೋ, ಬಿಡು ಎಂದರು. ಮನೆಯವರಿಗೆಲ್ಲ ಉಲ್ಟಾ ಒತ್ತುವುದೇ ಅಭ್ಯಾಸವಾಯಿತು.

ನಿನ್ನೆ ಭಾನುವಾರ ಬೆಳಿಗ್ಗೆ ಆ ಗ್ಲಾಸು ಬಾಗಿಲೊಳಗೆ ಕೂತುಬಿಟ್ಟಿತು, ಮೇಲೆ ಬರಲಿಲ್ಲ. ಮನೆ ಮುಂದೆಯೇ ಬಾಗಿಲ ಒಳಹಲಗೆ ಬಿಚ್ಚಿದೆ. ರಬ್ಬರು ಒಣಗಿ ಗ್ಲಾಸನ್ನು ಕಚ್ಚಿ ಹಿಡಿದಿತ್ತು. ರಬ್ಬರಿಗೆ ಸೋಪಿನ ನೀರು ಸವರಿದೆ. ಬಿಚ್ಚಿದ್ದೇನಲ್ಲ ಎಂದು ಆ ಎರಡು ವೈರನ್ನೂ ಸರಿಮಾಡಿದೆ. ಈಗ ಒಬ್ಬರು ಒಳಗೆ ಕೂತು ಸ್ವಿಚ್ ಒತ್ತಬೇಕು, ಒಬ್ಬರು ಹೊರಗಿನಿಂದ ಗ್ಲಾಸು ಹಿಡಿದು ಎಳೆಯಬೇಕು. ಅಮ್ಮ ಕೆಲಸಕ್ಕೆ ಹೋಗಿದ್ದಳು. ಮಾವ ಕಟಿಂಗ್ ಮಾಡಿಸಲು ಹೋದವರು ಬಂದಿರಲಿಲ್ಲ. ಅಜ್ಜಿ, ನಾನೇನು ಕೈ ಇಲ್ದೋಳಾ, ನಾನೇ ಒತ್ತುತೀನಿ ಬಾರೋ ಎಂದು ಹೋಗಿ ಕೂತಳು. ಸ್ವಿಚ್ ಸರಿಹೋಗಿದೆ, ಈಗ ಮೇಲಂದ್ರೆ ಮೇಲೆ, ಕೆಳಗಂದ್ರೆ ಕೆಳಗೆ ಅಂತ ಎರಡು ಸಲ ಹೇಳಿಕೊಟ್ಟೆ. ನಂಗೊತ್ತು, ನೀನು ಎಳಿ ಎಂದಳು.

ಗ್ಲಾಸು ಏರಿತು. ಎಳೆಯುತ್ತಿದ್ದ ನನ್ನ ಬಲಗೈಯ ಬೆರಳು ಮೇಲಿನ ಚೌಕಟ್ಟಿಗೆ ಸಿಕ್ಕಿಕೊಂಡವು. ಅಜ್ಜೀ ಇಳಿಸು, ಇಳಿಸು ಎಂದು ಕೂಗಿದೆ. ಅಜ್ಜಿ ಗಾಬರಿಯಾಗಿ ಹಳೇ ಅಭ್ಯಾಸದಂತೆ ಮೇಲಕ್ಕೇ ಒತ್ತಿದಳು. ಇನ್ನೂ ಬಿಗಿಯಿತು. ನಾನು ಕೂಗಿದಷ್ಟೂ ಅವಳು ಒತ್ತಿದಳು, ಒತ್ತಿದಷ್ಟೂ ಅಯ್ಯೋ ಅಯ್ಯೋ ಅಂತ ಕಿರುಚಿದಳು. ಅಜ್ಜಿಯ ತಪ್ಪಿಲ್ಲ. ಅವಳ ಹೆಸರು ಇದರಲ್ಲಿ ಎಲ್ಲೂ ಬರಕೂಡದು.

ಅಷ್ಟರಲ್ಲಿ ಎದುರುಮನೆ ಅಂಕಲ್ ನೆಲ ಒರೆಸುವ ಕೋಲು ಹಿಡಿದು ಓಡಿ ಬಂದರು. ಬಿಡಿಸಲು ಬಂದರು ಅಂದುಕೊಂಡೆ. ಹಿಂದಿನಿಂದ ಬೆನ್ನಿಗೆ ಎರಡು ಬಿಟ್ಟು, ಮೊಣಕಾಲ ಹಿಂದೆ ಒಂದು ಬಿಟ್ಟರು. ನನ್ನ ಕಾಲು ಮಡಚಿತು. ಮೈಭಾರವೆಲ್ಲ ಸಿಕ್ಕಿಕೊಂಡಿದ್ದ ಬೆರಳ ಮೇಲೆ ಬಿತ್ತು. ಅಲ್ಲಿಯವರೆಗೆ ಬೆರಳು ಜಜ್ಜಿಹೋಗಿತ್ತು ಅಷ್ಟೇ. ಮುರಿದದ್ದು ಆಗ. ಟಕ್ ಅಂದದ್ದು ನನಗೇ ಕೇಳಿಸಿತು. ಅವರ ಹೆಂಡತಿ ಆಂಟಿ ಹಿಂದೆಯೇ ಬಂದು, ಕಣ್ಣು ಕಾಣಲ್ವೇನ್ರೀ, ಹುಡುಗನ ಕೈ ಸಿಕ್ಕೊಂಡಿದೆ ಎಂದು ಬೈದು, ಆಚೆ ಬಾಗಿಲಿಂದ ನುಗ್ಗಿ ಸ್ವಿಚ್ ಕೆಳಕ್ಕೆ ಒತ್ತಿದರು. ಎರಡು ಬೆರಳಿಗೆ ಕಟ್ಟು ಹಾಕಿದ್ದಾರೆ. ಕಟ್ಟು ಬಿಚ್ಚುವ ತನಕ ಅಂಗಡಿ ಕಡೆ ತಲೆ ಹಾಕಬೇಡ ಎಂದು ಓನರ್ ಹೇಳಿದ್ದಾರೆ.

ಈಗ ಅಂಕಲ್ ಹೇಳುವುದು, ಯಾರೋ ಕಳ್ಳ ಮುದುಕಿಯನ್ನು ಹಿಡ್ಕೊಂಡಿದಾನೆ ಅಂದ್ಕೊಂಡೆ, ಗುರುತು ಸಿಗಲಿಲ್ಲ ಅಂತ. ಸುಳ್ಳು. ಅವರು ಹೊಡೆಯುತ್ತಾ ಕೂಗಿದ್ದು, ಲೇ ಸ್ಪ್ಯಾನರ್, ಹೆತ್ತೋಳ ತಾಯಿ ಮೈಮೇಲಿರೋ ಬಳೆಗೇ ಕೈ ಹಾಕ್ತೀಯಾ ಅಂತ. ಗುರುತು ಸಿಗದವನ ಹೆಸರು ಬಾಯಿಗೆ ಹೇಗೆ ಬಂತು? ಯಾರೋ ಅಂದುಕೊಂಡು ಹೊಡೆದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ. ನಾನು ಅಂತ ಗೊತ್ತಿದ್ದೇ ಹೊಡೆದರು. ನಾನು ಅಜ್ಜಿಯ ಬಳೆ ಕಿತ್ತುಕೊಳ್ಳುವವನೇ ಅಂತ ಅವರಿಗೆ ಮೊದಲೇ ಖಾತ್ರಿ ಇತ್ತು. ಅವರ ಸ್ಕೂಟರಿನ ಬ್ರೇಕ್ ವೈರು ಹಾಕಿಕೊಟ್ಟವನು ನಾನು. ಆಗ ಅವರ ಗೇಟಿನೊಳಗೆ ಕೂತು ಕಾಫಿ ಕುಡಿದಿದ್ದೇನೆ.

ಮಾವ ಹೊರಗೆ ಬೆಂಚಿನ ಮೇಲೆ ಕೂತು, ಎದುರುಬದುರು ಮನೆ, ದಿನಾ ಮುಖ ನೋಡ್ಬೇಕು, ಹೋಗ್ಲಿ ಬಿಡೋ ಎನ್ನುತ್ತಿದ್ದಾರೆ. ಅಂಕಲ್ ಆಸ್ಪತ್ರೆ ಖರ್ಚು ಕೊಡುತ್ತಾರಂತೆ. ನನಗೆ ಬೇಡ. ಇಲ್ಲಿನ ಸಾಹೇಬರು ಮೊದಲು ‘ತಪ್ಪು ತಿಳುವಳಿಕೆಯಿಂದ’ ಎಂದು ಬರೆದಿದ್ದರು. ಹೊಡೆದುಹಾಕಿಸಿದ್ದೇನೆ. ಆ ಜಾಗದಲ್ಲಿ ‘ಗುರುತು ಹಿಡಿದು, ಹೆಸರು ಕೂಗಿ’ ಎಂದು ಬರೆಸಿದ್ದೇನೆ. ಕೇಸ್ ನಿಲ್ಲುತ್ತೋ ಬೀಳುತ್ತೋ ನನಗೆ ಗೊತ್ತಿಲ್ಲ, ಆ ಮಾತು ಮಾತ್ರ ತೆಗೆಯಕೂಡದು.

ಬರೆದದ್ದನ್ನು ಓದಿ ಹೇಳಿದರು. ಸಾಲದೆಂದು ಕಾಗದ ಇಸಿದುಕೊಂಡು ನಾನೂ ಓದಿದೆ. ನಾನು ಹೇಳಿದ್ದೇ ಇದೆ, ಎಲ್ಲ ನಿಜ.

ಸ್ಥಳ: ಠಾಣೆ
ದಿನ: ಸೋಮವಾರ, ಮಧ್ಯಾಹ್ನ

ಎಡಗೈ ಹೆಬ್ಬೆಟ್ಟಿನ ಗುರುತು. (ಇವನಿಗೆ ರುಜು ಹಾಕಲು ಬರುತ್ತದೆ. ಬಲಗೈ ಬೆರಳು ಮುರಿದಿರುವುದರಿಂದ ಹೆಬ್ಬೆಟ್ಟು. ಹೀಗೆಂದು ಬರೆಯದೆ ಒತ್ತುವುದಿಲ್ಲ ಎಂದಿದ್ದರಿಂದ ಬರೆದಿದೆ.)