ಪುಟ್ಟಣ್ಣನ ಕೆನ್ನೆಯ ಗಾಯ

ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯರಾದ ಪ್ರಭುಸ್ವಾಮಿಯವರೇ, ನಮ್ಮ ಡಿಪೋದ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಗೆಳೆಯರೇ, ಹನೂರಿನಿಂದ, ಯಳಂದೂರಿನಿಂದ, ನಮ್ಮೂರಿನಿಂದ ಕೆಲಸ ಬಿಟ್ಟು ಈ ಕೊಳ್ಳೇಗಾಲಕ್ಕೆ ಬಂದು ಕೂತಿರುವ ತಂದೆತಾಯಿಗಳೇ — ಮುಂದಿನ ಸಾಲಿನಲ್ಲಿರುವ, ಪುಟ್ಟಬಸಪ್ಪನವರ ಮನೆಯವರಾದ ಶಿವರತ್ನಮ್ಮನವರೇ, ಮಗಳು ಭವ್ಯಶ್ರೀ — ಎಲ್ಲರಿಗೂ ನಮಸ್ಕಾರ.

ನಾನು ಮಂಟೇಸ್ವಾಮಿ. ಹನ್ನೊಂದು ದಿನದ ಹಿಂದೆ ನಮ್ಮನ್ನು ಬಿಟ್ಟುಹೋದ ಪುಟ್ಟಬಸಪ್ಪನವರು ಓಡಿಸುತ್ತಿದ್ದ ಕೊಳ್ಳೇಗಾಲ–ಹೂಗ್ಯಂ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ಕಂಡಕ್ಟರ್ ಆಗಿದ್ದವನು. ಅದಕ್ಕೂ ಮೊದಲು, ಅವರು ಗೋಲ್‌ಕೀಪರ್ ಆಗಿದ್ದ ತಂಡದಲ್ಲಿ ಅವರ ಮುಂದೆ ನಿಂತು ಡಿಫೆಂಡರ್ ಆಗಿ ಆಡಿದವನು. ಇಬ್ಬರೂ ಒಂದೇ ಊರಿನವರು. ಒಂದೇ ಊರು, ಆದರೆ ಬೀದಿ ಬೇರೆ. ಅವರದು ದೇವಸ್ಥಾನದ ಬೀದಿ, ನನ್ನದು ಊರಾಚೆಯ ಕೇರಿ. ಅದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನನಗಿಂತ ಮುಂಚೆ ಮಾತಾಡಿದವರೆಲ್ಲ ಈ ಫೋಟೋಕ್ಕೆ ಹೂ ಹಾಕಿ, ಬಗ್ಗಿ ನಮಸ್ಕಾರ ಮಾಡಿ ಮೈಕಿನ ಹತ್ತಿರ ಬಂದರು. ನಾನು ಹೂ ಹಾಕಿದೆ, ಬಗ್ಗಲಿಲ್ಲ. ಹಿಂದುಗಡೆ ಯಾರೋ ಗುಸುಗುಸು ಅಂದದ್ದು ನನಗೂ ಕೇಳಿಸಿತು. ಸ್ವಲ್ಪ ತಾಳಿ — ಕಾರಣ ಇದೆ, ಹೇಳುತ್ತೇನೆ.

ಇಗೋ, ನಾನು ಬರೆದುಕೊಂಡು ಬಂದ ಕಾಗದ. ಪುಟ್ಟಬಸಪ್ಪನವರು ಇಷ್ಟು ವರ್ಷದಲ್ಲಿ ಒಂದೂ ಆಕ್ಸಿಡೆಂಟ್ ಮಾಡಿದವರಲ್ಲ, ಕಾಡಿನ ತಿರುವಿನಲ್ಲಿ ಆನೆ ನಿಂತಿದ್ದರೆ ಇಂಜಿನ್ ಆಫ್ ಮಾಡಿ ಮುಕ್ಕಾಲು ಗಂಟೆ ಸುಮ್ಮನೆ ಕೂರುತ್ತಿದ್ದರು, ಗರ್ಭಿಣಿಯರು ಹತ್ತಿದರೆ ಹಂಪ್ಸ್ ಮೇಲೆ ಬಸ್ಸು ಹತ್ತಿದ್ದೇ ಗೊತ್ತಾಗುತ್ತಿರಲಿಲ್ಲ. ಎಲ್ಲ ನಿಜ. ಇದನ್ನು ಓದಿ ಕೂತುಬಿಡೋಣ ಅಂತಲೇ ಬಂದೆ.

ಆದರೆ ಈಗಷ್ಟೇ ಪ್ರಭುಸ್ವಾಮಿಯವರು ಒಂದು ಮಾತು ಹೇಳಿದರು. ದೊಡ್ಡ ಮನಸ್ಸಿನಿಂದಲೇ ಹೇಳಿದರು. "ಆ ಫೈನಲ್‌ನಲ್ಲಿ ಅವನ ಕೈ ಜಾರಿತು, ಮನುಷ್ಯ ಅಂದಮೇಲೆ ಜಾರುತ್ತೆ, ಇವತ್ತು ಅದನ್ನೆಲ್ಲ ಮರೆತುಬಿಡೋಣ" ಅಂದರು. ನೀವೆಲ್ಲ ತಲೆದೂಗಿದಿರಿ. ಶಿವರತ್ನಮ್ಮನವರು ತಲೆ ತಗ್ಗಿಸಿದರು. ನಾನು ನೋಡಿದೆ.

ಕಾಗದವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದೇನೆ.

ತೊಂಬತ್ತೇಳನೇ ಇಸವಿ. ಹಳ್ಳಿ ಹುಡುಗರ ತಂಡಗಳಿಗೆಂದೇ ನಡೆದ ರಾಷ್ಟ್ರೀಯ ಫುಟ್ಬಾಲ್ ಕಪ್. ರಾಜ್ಯದಲ್ಲಿ ಗೆದ್ದು ನಾವು ಅಲ್ಲಿಗೆ ಹೋದೆವು. ಹನ್ನೊಂದು ಜನರಲ್ಲಿ ಮೂವರಿಗೆ ಮಾತ್ರ ಸ್ವಂತ ಬೂಟು, ಉಳಿದವು ನಮ್ಮ ತಂಡದ ಮ್ಯಾನೇಜರ್ ಆಗಿದ್ದ ಪ್ರಭುಸ್ವಾಮಿಯವರು ಊರೂರು ತಿರುಗಿ ಕೇಳಿ ತಂದವು. ನನ್ನ ಬೂಟು ಒಂದು ಸೈಜು ದೊಡ್ಡದು, ಮುಂದುಗಡೆ ಬಟ್ಟೆ ತುರುಕಿಕೊಂಡಿದ್ದೆ. ನಮ್ಮ ಫಾರ್ವರ್ಡ್ ಬಿಳಿಗಿರಿ, ಬೆಟ್ಟದ ಮೇಲಿನ ಸೋಲಿಗರ ಪೋಡಿನಿಂದ ಬಂದವನು, ಬರಿಗಾಲಲ್ಲಿ ಓಡಿದರೇ ಅವನಿಗೆ ಚೆಂದ — ಅಗೋ, ಕಂಬದ ಪಕ್ಕ ಕೂತಿದ್ದಾನೆ, ಈಗ ಹೊಟ್ಟೆ ಬಂದಿದೆ. ಆಗ ಅವನನ್ನು ಹಿಡಿಯುವ ಗಂಡಸು ದೇಶದಲ್ಲಿರಲಿಲ್ಲ.

ನಮಗೆ ಆಟ ಕಲಿಸಿದವರು ಪುಟ್ಟಬಸಪ್ಪನವರೇ. ನಮ್ಮ ಕೇರಿ ಹುಡುಗರನ್ನು ತಂಡಕ್ಕೆ ಕರೆದವರೂ ಅವರೇ. ಊರೊಳಗೆ, ನಮ್ಮ ಕೇರಿಯವರು ಆ ಬೀದಿಯವರನ್ನು ಕರೆಯಬೇಕಾದ ಹಾಗೆ, ನಾನು ಅವರನ್ನು ಬುದ್ಧಿ ಅನ್ನುತ್ತಿದ್ದೆ. ಮೈದಾನದಲ್ಲಿ ಪುಟ್ಟಣ್ಣ ಅನ್ನಬೇಕು, ಇಲ್ಲದಿದ್ದರೆ ಬಾಲು ಕೊಡುತ್ತಿರಲಿಲ್ಲ.

ಆಟಕ್ಕಿಂತ ಕಷ್ಟವಾದದ್ದು ಇನ್ನೊಂದು. ನಮ್ಮ ಕಡೆ ಒಬ್ಬರಿಗೆ ಕಾಲು ತಗುಲಿದರೆ ತಕ್ಷಣ ಬಗ್ಗಿ, ಅವರನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ. ಯೋಚನೆ ಮಾಡಿ ಮಾಡುವುದಲ್ಲ ಅದು, ಕೈ ತಾನಾಗಿ ಹೋಗುತ್ತದೆ. ಮೊದಲ ವಾರದ ಪ್ರಾಕ್ಟೀಸು ನೀವು ನೋಡಬೇಕಿತ್ತು! ಒಬ್ಬ ಟ್ಯಾಕಲ್ ಮಾಡೋದು, ಬಗ್ಗಿ ಕಣ್ಣಿಗೊತ್ತಿಕೊಳ್ಳೋದು. ಅವನು ತಿರುಗಿ ಇವನಿಗೆ ಒದೆಯೋದು, ಅವನೂ ಬಗ್ಗೋದು. ಬಾಲಿನ ಪಾಡಿಗೆ ಬಾಲು ಕೆರೆ ಕಡೆ ಹೋಗೋದು. ಪುಟ್ಟಣ್ಣ ಸೊಂಟಕ್ಕೆ ಕೈಯಿಟ್ಟು ಬೈಯುತ್ತಿದ್ದರು. "ಏನ್ರಲಾ ಇದು, ಬೀಗರು ಬಂದಂಗೆ ಕೈ ಮುಗಿತಾ ಇದ್ದೀರಿ! ಇನ್ಮ್ಯಾಕೆ ಯಾವನಾರಾ ಬಗ್ಗುದ್ರೆ ಮೈದಾನ ಒಂದ್ ಸುತ್ತು ಓಡ್ಬೇಕು, ಅಷ್ಟೆಯ."

ಎಲ್ಲರಿಗಿಂತ ಹೆಚ್ಚು ಸುತ್ತು ಓಡಿದವನು ನಾನು. ಯಾಕೆ ಅಂತ ಕೇಳಬೇಡಿ. ನನ್ನ ಕಾಲು ಯಾರಿಗೆಲ್ಲ ತಗುಲಬಾರದು ಅಂತ ನಮ್ಮಪ್ಪ ನಡಿಗೆ ಕಲಿಯುವಾಗಲೇ ಹೇಳಿಕೊಟ್ಟಿದ್ದ. ಅದೇ ವರ್ಷ ನಮ್ಮ ಚಿಕ್ಕಪ್ಪ ದೇವಸ್ಥಾನದ ಬೀದಿಯಲ್ಲಿ ಸೈಕಲ್ಲಿನಿಂದ ಇಳಿಯದೆ ಹೋದ ಅಂತ ಅವನನ್ನು ಚಾವಡಿ ಮುಂದೆ ಹಗಲಿಡೀ ಬಿಸಿಲಲ್ಲಿ ನಿಲ್ಲಿಸಿದ್ದರು. ಆವತ್ತು ಚಾವಡಿಯಲ್ಲಿ ಕೂತಿದ್ದ ಕೆಲವರು ಈಗಲೂ ಇಲ್ಲಿ ಕೂತಿದ್ದೀರಿ. ಜಗಳಕ್ಕೆ ಹೇಳುತ್ತಿಲ್ಲ. ಮುಂದಿನದು ಅರ್ಥವಾಗಲಿ ಅಂತ ಹೇಳಿದೆ.

ನಾಗಪುರ. ಫೈನಲ್. ಆಟ ಮುಗಿಯಲು ನಾಲ್ಕು ನಿಮಿಷ ಇತ್ತು, ಇನ್ನೂ ಸೊನ್ನೆ ಸೊನ್ನೆ. ಎದುರು ತಂಡಕ್ಕೆ ಕಾರ್ನರ್ ಸಿಕ್ಕಿತು. ಬಾಲು ಮೇಲೆ ಬಂತು. ಪುಟ್ಟಣ್ಣ ಎಲ್ಲರ ತಲೆ ಮೇಲೆ ಹಾರಿ — ಹೀಗೆ, ಎರಡೂ ಕೈಯಲ್ಲಿ — ಬಾಲು ಹಿಡಿದು, ಎದೆಗೆ ಅವುಚಿಕೊಂಡು ನೆಲಕ್ಕೆ ಬಿದ್ದರು. ಹಿಡಿದಿದ್ದರು. ಇನ್ನೊಂದು ಸಲ ಹೇಳುತ್ತೇನೆ, ಗಟ್ಟಿಯಾಗಿ ಹಿಡಿದಿದ್ದರು.

ನಾನು ಗೋಲಿನ ಗೆರೆ ಕಾಯಲು ಹಿಂದಕ್ಕೆ ಓಡಿ ಬರುತ್ತಿದ್ದೆ. ದೊಡ್ಡ ಬೂಟು. ನಿಲ್ಲಲಾಗಲಿಲ್ಲ. ನನ್ನ ಬಲಗಾಲು ಹೋಗಿ ಅವರ ಮುಖಕ್ಕೆ ಬಡಿಯಿತು.

ನನ್ನ ಕಾಲು. ಅವರ ಮುಖಕ್ಕೆ.

ಬಾಲು ಅವರ ತೋಳಿನಿಂದ ಆಚೆ ಬಂತು. ನನ್ನಿಂದ ಒಂದು ಹೆಜ್ಜೆ ದೂರದಲ್ಲಿ ನಿಂತಿತ್ತು. ಒಂದೇ ಒಂದು ಒದೆ ಸಾಕಿತ್ತು. ಪುಟ್ಟಣ್ಣ ಕೆಳಗಿನಿಂದ "ಹೊಡಿಲಾ, ಹೊಡಿಲಾ" ಅಂತ ಕೂಗಿದರು. ನಾನು ಏನು ಮಾಡಿದೆ? ಬಗ್ಗಿದೆ. ಅವರ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡೆ. "ತಪ್ಪಾಯ್ತು ಬುದ್ಧೀ" ಅಂದೆ. ರಾಷ್ಟ್ರೀಯ ಕಪ್ ಫೈನಲ್‌ನಲ್ಲಿ, ಅಷ್ಟು ಸಾವಿರ ಜನರ ಮುಂದೆ, ಬುದ್ಧಿ ಅಂದೆ. ತಲೆಯೆತ್ತುವಷ್ಟರಲ್ಲಿ ಎದುರು ತಂಡದ ಏಳನೇ ನಂಬರಿನವನು ಬಾಲನ್ನು ಒಳಕ್ಕೆ ತಳ್ಳಿದ್ದ.

ಗುಂಪಿನಲ್ಲಿ ಯಾರಿಗೂ ಸರಿಯಾಗಿ ಕಾಣಲಿಲ್ಲ. ಪ್ರಭುಸ್ವಾಮಿಯವರೇ, ನೀವು ಆಚೆ ಬದಿಯ ಬೆಂಚಿನಲ್ಲಿದ್ದಿರಿ. ನಿಮಗೆ ಕಂಡದ್ದು ಕೀಪರ್ ನೆಲದ ಮೇಲೆ, ಬಾಲು ಬಲೆಯೊಳಗೆ. ಮಾರನೇ ದಿನ ಪೇಪರಿನವರೂ ಅದನ್ನೇ ಬರೆದರು. ಬಿಳಿಗಿರಿ ಎರಡು ವರ್ಷ ಪುಟ್ಟಣ್ಣನ ಜೊತೆ ಮಾತು ಬಿಟ್ಟಿದ್ದ.

ಶಿವರತ್ನಮ್ಮನವರೇ — ನಿಮ್ಮ ಯಜಮಾನರ ಎಡಗೆನ್ನೆಯ ಮೇಲೆ ಒಂದು ಗಾಯದ ಗುರುತಿತ್ತಲ್ಲ. ಗೋಲ್‌ಪೋಸ್ಟ್ ತಗುಲಿದ್ದು ಅಂತ ನಿಮಗೆ ಹೇಳಿದ್ದರಲ್ಲ. ಅದು ಗೋಲ್‌ಪೋಸ್ಟ್ ಅಲ್ಲ ತಾಯಿ. ನನ್ನ ಬೂಟು.

ವಾಪಸು ಬರುವಾಗ ರೈಲಿನಲ್ಲಿ, ಬಾಗಿಲ ಹತ್ತಿರ ನನ್ನನ್ನು ಕರೆದರು. ಕೆನ್ನೆಗೆ ಬ್ಯಾಂಡೇಜು. ನಾನು ಅಳುತ್ತಿದ್ದೆ. "ಊರಲ್ಲಿ ಎಲ್ಲಾರ್ಗೂ ನಿಜ ಏಳ್ಬುಡ್ತೀನಿ ಅಣ್ಣ" ಅಂದೆ.

"ಏನಂತ ಏಳೀಯೆ?"

"ನಾ ಒದ್ದೆ ಅಂತ."

"ಲೇ, ಮಂಕೆ. ಗೋಲು ಓಯ್ತು ಅಂದ್ರೆ ನಾಕ್ ದಿನ ಆಡ್ಕತಾರೆ, ಬುಟ್ಬುಡ್ತಾರೆ. ನಿನ್ ಕಾಲು ನನ್ ಮಕಕ್ ಬಿತ್ತು ಅಂತ ಗೊತ್ತಾದ್ರೆ ಬುಡ್ತಾರೇನ್ಲಾ? ನಿಮ್ಮಪ್ಪುನ್ನ ಕರೀತಾರೆ ಚಾವಡಿಗೆ. ನಮ್ಮಪ್ಪುನೇ ಕರೆಸ್ತಾನೆ. ನನ್ ಕೈ ಜಾರ್ತು. ಅಷ್ಟೆಯ. ಆಣೆ ಮಾಡು."

ಜೇಬಿನಿಂದ ಮಾದಪ್ಪನ ಬೆಟ್ಟದ ವಿಭೂತಿ ತೆಗೆದು ನನ್ನ ಅಂಗೈಗೆ ಇಟ್ಟರು. ಮಾದಪ್ಪನ ಮೇಲೆ ಆಣೆ ಮಾಡಿಸಿಕೊಂಡರು. ಎಷ್ಟು ದಿನ ಅಂತ ಹೇಳಲಿಲ್ಲ. ಯಾವತ್ತೂ ಅಂತಲೇ ಅದರ ಅರ್ಥ. ನನಗೆ ಆಗ ಹತ್ತೊಂಬತ್ತು ವಯಸ್ಸು.

ನಾಕು ದಿನ ಆಡಿಕೊಳ್ಳುತ್ತಾರೆ ಅಂದರು — ಇಪ್ಪತ್ತೆಂಟು ವರ್ಷ ಆಡಿಕೊಂಡಿರಿ. ಹನೂರು ಬಸ್‌ಸ್ಟ್ಯಾಂಡಿನಲ್ಲಿ ನಿಮಗೆ ಅದೊಂದು ಟೀ ಕುಡಿಯುವ ಹೊತ್ತಿನ ತಮಾಷೆ. "ಡ್ರೈವರ್ ಸಾ, ಸ್ಟೇರಿಂಗ್ ಆರಾ ಗಟ್ಟಿಗ್ ಇಡ್ಕಳಿ, ಜಾರ್ಬುಟ್ಟಾತು!" ಅವರು ನಗುತ್ತಿದ್ದರು. ಅದಕ್ಕೆ ಇನ್ನೊಬ್ಬ ಇನ್ನೊಂದು ಸೇರಿಸುವುದರೊಳಗೆ ನಾನು ಎರಡು ವಿಸಿಲ್ ಊದಿ ಬಸ್ಸು ಹೊರಡಿಸುತ್ತಿದ್ದೆ. ನಾನು ಮಾಡಿದ್ದು ಅಷ್ಟೇ. ಹತ್ತೊಂಬತ್ತು ವರ್ಷ ವಿಸಿಲ್ ಊದಿದೆ.

ಡಿಪೋದಲ್ಲಿ ನಮ್ಮಿಬ್ಬರನ್ನು ಒಂದೇ ರೂಟಿಗೆ ಹಾಕಿದರು. ಹೂಗ್ಯಂವರೆಗೂ ಎದುರಿಗೆ ಅದೇ ಕನ್ನಡಿ, ಕನ್ನಡಿಯಲ್ಲಿ ಅದೇ ಕೆನ್ನೆ. ಎರಡು ಸಲ ಬೇರೆ ರೂಟಿಗೆ ಅರ್ಜಿ ಬರೆದೆ. ಎರಡು ಸಲವೂ ಅವರೇ ಹರಿದು ಹಾಕಿದರು. "ಎಲ್ಗ್ಲಾ ಓದಿಯಾ? ನಾ ಬಾಲ್ ಇಡ್ದಿದ್ದೆ ಅಂತ ಗೊತ್ತಿರೋನು ನೀನೊಬ್ಬ. ನೀನೂ ಓದ್ರೆ ನಂಗ್ಯಾರ್ಲಾ ಅವ್ರೆ?" ಅಂದರು. ಆಮೇಲೆ ನಾನು ಅರ್ಜಿ ಬರೆಯಲಿಲ್ಲ.

ಒಮ್ಮೊಮ್ಮೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಸತ್ತವರ ಬಗ್ಗೆ ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ. ಈ ಉಪಕಾರ ಮಾಡಿ ಅಂತ ನಾನು ಕೇಳಿದ್ದೆನಾ? ಅವರು ಬಚಾವು ಮಾಡಿದ್ದು ನನ್ನನ್ನೋ, ನಮ್ಮೂರಿನ ಮಾನವನ್ನೋ? ಕೇಳಬೇಕು ಅಂತ ಎಷ್ಟು ಸಲ ಬಾಯಿ ತೆರೆದೆ. ಕೇಳಲಿಲ್ಲ. ಯಾಕೆಂದರೆ, ನಿಜ ಹೇಳಬೇಕೆಂದರೆ, ಆ ಆಣೆ ನನಗೆ ಅನುಕೂಲವಾಗಿತ್ತು. ನಮ್ಮಪ್ಪ ತೀರಿಕೊಂಡ. ಚಾವಡಿಯಲ್ಲಿ ಕೂರಿಸಿ ನ್ಯಾಯ ಹೇಳುವುದೂ ನಿಂತುಹೋಯಿತು. ಆಮೇಲೂ ನಾನು ಬಾಯಿ ಬಿಡಲಿಲ್ಲ. ಯಾಕೆ ಅಂತ ನನ್ನನ್ನೇ ಕೇಳಿಕೊಂಡರೆ ಮಾದಪ್ಪನ ಆಣೆಯ ನೆಪ ಹೇಳುತ್ತಿದ್ದೆ, ನನಗೆ ನಾನೇ.

ಭವ್ಯಶ್ರೀ — ನಿನಗೆ ನೆನಪಿದೆಯೋ ಇಲ್ಲವೋ. ನೀನು ಏಳನೇ ಕ್ಲಾಸು. ಸ್ಕೂಲಿನಲ್ಲಿ ಏನೋ ಅಂದರು ಅಂತ ಫುಟ್ಬಾಲ್ ಆಡೋದು ಬಿಟ್ಟಿದ್ದೆ. ಬಸ್ಸಿನಲ್ಲಿ ನನ್ನ ಹತ್ತಿರ ಬಂದು ಮೆತ್ತಗೆ ಕೇಳಿದೆ. "ಅಂಕಲ್, ಅಪ್ಪ ಅವತ್ತು ನಿಜ್ವಾಗ್ಲೂ ಬಾಲ್ ಬುಟ್ಬುಟ್ರಾ?" ನಿನ್ನಪ್ಪ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ನಾನೇನಂದೆ ಗೊತ್ತಾ? "ದಾರಿ ಬುಡಮ್ಮ, ಮುಂದಕ್ ಓಗು, ಟಿಕೆಟ್ ಕೊಡ್ಬೇಕು" ಅಂದೆ. ನೀನು ಮುಂದಕ್ಕೆ ಹೋಗಿ ಕಿಟಕಿ ಕಡೆ ಮುಖ ಮಾಡಿ ಕೂತೆ. ಆ ದಿನ ಮಾದಪ್ಪನ ಆಣೆ ನಡೆಸಿದ್ದಕ್ಕೆ ನನಗೆ ಯಾವ ಪುಣ್ಯವೂ ಬೇಡ.

ಈಗ ಯಾಕೆ ಹೇಳುತ್ತಿದ್ದೀಯ ಅಂತ ಕೇಳುತ್ತೀರಿ. ಹನ್ನೊಂದು ದಿನದ ಹಿಂದೆ ಅವರನ್ನು ಸಮಾಧಿಯಲ್ಲಿ ಕೂರಿಸಿದರು. ನಾನು ಬದುವಿನ ಆಚೆ ನಿಂತಿದ್ದೆ. ಅಯ್ಯನವರು ಇಷ್ಟಲಿಂಗವನ್ನು ಅವರ ಎಡ ಅಂಗೈಯಲ್ಲಿ ಇಡುವಾಗ, ಗುಂಪಿನಲ್ಲಿ ಒಬ್ಬರು — ಹೆಸರು ಬೇಡ — "ನೋಡ್ಕಂಡು ಮಡುಗ್ರಪ್ಪ, ಅವುನ್ ಕೈ ಮೊದ್ಲೇ ಜಾರ್ತದೆ" ಅಂದರು. ಇಬ್ಬರು ಮೂವರು ನಕ್ಕರು. ಶಿವರತ್ನಮ್ಮನವರು ಅಲ್ಲೇ ನಿಂತಿದ್ದರು. ಗುಂಡಿಯೊಳಗೆ ಕೂತ ಮನುಷ್ಯನಿಗೂ ಬಿಡುಗಡೆ ಇಲ್ಲವಲ್ಲ ಅಂತ ನನಗೆ ಅನ್ನಿಸಿತು. ಹೇಳಿದರೆ ಸತ್ತವರಿಗೆ ಕೊಟ್ಟ ಆಣೆ ಮುರಿಯುತ್ತದೆ. ಹೇಳದಿದ್ದರೆ ಅವರ ಕೈಗೆ ಕಟ್ಟಿದ ಕೆಟ್ಟ ಹೆಸರು ನಾನು ಸತ್ತ ಮೇಲೆ ಬಿಚ್ಚುವವರೇ ಇರುವುದಿಲ್ಲ. ಯಾವ ಕಡೆ ತಿರುಗಿದರೂ ಬಾಗಿಲಿಲ್ಲ.

ಅದಕ್ಕೇ ಆಣೆ ಮುರಿದೆ. ಪುಟ್ಟಣ್ಣ, ಮುರಿದೆ. ಅದರ ಪಾಪ ನನಗಿರಲಿ.

ಹೇಳಿದ ಮೇಲೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಿಲ್ಲ. "ಓಗ್ಲಿ ಬುಡ್ಲಾ" ಅನ್ನಬೇಕಾದ ಒಬ್ಬರು ಇಲ್ಲಿಲ್ಲ.

ಪ್ರಭುಸ್ವಾಮಿಯವರೇ, ತಮ್ಮ ಅಪ್ಪಣೆ ಪಡೆದು ಮೌನಾಚರಣೆಗೆ ನಾನೇ ಕರೆಯುತ್ತೇನೆ. ನನ್ನ ಕಾಲು ಅವರ ಮುಖಕ್ಕೆ ಬಿತ್ತು ಅಂತ ಕೇಳಿ ಯಾರಿಗಾದರೂ ಮೈ ಉರಿದಿದ್ದರೆ, ಹಿಂದುಗಡೆ ಬಾಗಿಲು ತೆಗೆದಿದೆ, ಹೋಗಬಹುದು. ಉಳಿದವರು ಆ ಕೈಗಳಿಗಾಗಿ ನಿಲ್ಲಿ. ಆ ಕೈ ಜಾರಿರಲಿಲ್ಲ. ಬಾಲನ್ನೂ ಬಿಟ್ಟಿರಲಿಲ್ಲ, ನನ್ನನ್ನೂ ಬಿಡಲಿಲ್ಲ.

ಎರಡು ನಿಮಿಷ. ಹೊತ್ತು ನಾನು ನೋಡಿಕೊಳ್ಳುತ್ತೇನೆ, ಅದು ನನ್ನ ಕೆಲಸವೇ. ಫೋಟೋದ ಮುಂದೆ ನಾನು ಯಾಕೆ ಬಗ್ಗಲಿಲ್ಲ ಅಂತ ಈಗ ನಿಮಗೆ ಗೊತ್ತಾಯಿತು. ಬಗ್ಗಬೇಡ ಅಂತ ಅವರು ಎಷ್ಟು ಸುತ್ತು ಓಡಿಸಿದರು. ಕಲಿಯುವುದಕ್ಕೆ ಇಷ್ಟು ವರ್ಷ ಹಿಡಿಯಿತು.

ನೆಟ್ಟಗೆ ನಿಂತಿದ್ದೇನೆ ಪುಟ್ಟಣ್ಣ, ನೋಡಿ.

ಏಳಿ — ಎಲ್ಲರೂ ಏಳಿ.