ಸ್ಟುಡಿಯೋ ಗೊಂಬೆಯ ಕತ್ತಿ

ಒಂದು ಮಾತನ್ನು ಹೇಳದೆ ಉಳಿಸಿಕೊಳ್ಳಬೇಕೆಂದೇ ಇಂದು ಬೆಳಿಗ್ಗೆ ನಾರಾಯಣಖೇಡದಲ್ಲಿ ಬಸ್ಸು ಹತ್ತಿದೆ. ಜಹೀರಾಬಾದ್ ಬರುವಷ್ಟರಲ್ಲಿ ಮನಸ್ಸು ಬದಲಾಯಿತು. ಆ ಮಾತಿಗೆ ಬರುವ ಮೊದಲು ವೇದಿಕೆಗೆ ಸಲ್ಲಬೇಕಾದ ಗೌರವ ಸಲ್ಲಿಸಿಬಿಡುತ್ತೇನೆ.

ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ಆತ್ಮಾರಾಮ ಅವರೇ, ಈಗಷ್ಟೇ ಬಿಡುಗಡೆಯಾದ ‘ಗೊಂಬೆ ಗುರುತು’ ಪುಸ್ತಕದ ಲೇಖಕಿ, ತಾಂಡೂರಿನ ಬಾಲಮಣಿಯವರೇ, ವೇದಿಕೆಯ ಮೇಲಿರುವ ಹಿರಿಯರೇ, ಭಾನುವಾರದ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿರುವ ಸಭಿಕರೇ,

ಹೇಳದೆ ಉಳಿಸಿಕೊಳ್ಳಬೇಕೆಂದಿದ್ದ ಮಾತು ಇಷ್ಟು. ಈ ಪುಸ್ತಕದಲ್ಲಿ ‘ನೀಲಿ ಕವಚದ ಯೋಧ’ ಎಂಬ ಗೊಂಬೆಗೆ ಒಂದು ಪುಟವಿದೆ. ಆ ಪುಟದ ಕೊನೆಯಲ್ಲಿ, ‘ಕತ್ತಿ ಕಳೆದಿದೆ, ಯಾವುದೋ ಮಗು ಕದ್ದಿರಬಹುದು’ ಎಂದು ಬರೆದಿದೆ. ಕತ್ತಿ ಕಳೆದಿಲ್ಲ. ಅದು ನಮ್ಮ ಮನೆಯಲ್ಲಿದೆ.

ಬಾಲಮಣಿಯವರೇ, ದಯವಿಟ್ಟು ಕುಳಿತುಕೊಳ್ಳಿ.

ಪುಸ್ತಕ ಬಿಡುಗಡೆಯ ದಿನವೇ ಪುಸ್ತಕದ ತಪ್ಪನ್ನು ಎತ್ತಿ ಹೇಳುವುದು ಸರಿಯೇ? ನನಗೆ ಈಗಲೂ ಗೊತ್ತಿಲ್ಲ. ಹೇಳಿದರೆ ಅವರು ಕತ್ತಿ ಕೇಳುತ್ತಾರೆ. ಕೇಳಿದರೆ ಕೊಡಬೇಕೋ ಬೇಡವೋ ನಾನು ತೀರ್ಮಾನಿಸಬೇಕು. ಹೆದರಿದ್ದು ಅದಕ್ಕೆ. ಆದರೆ ಸುಮ್ಮನಿದ್ದರೆ ಒಬ್ಬ ಒಳ್ಳೆಯ ಮನುಷ್ಯರ ಬಗ್ಗೆ ತಪ್ಪು ಮಾತು ಅಚ್ಚಿನಲ್ಲಿ ಉಳಿದುಹೋಗುತ್ತದೆ. ಅವರು ಯಾರೆಂದು ಮುಂದೆ ಹೇಳುತ್ತೇನೆ.

ನನ್ನನ್ನು ಪರಿಚಯಿಸುವಾಗ ‘ಪಶುವೈದ್ಯೆ, ಆಟಿಕೆ ಸಂಗ್ರಾಹಕಿ’ ಎಂದರು. ಎರಡೂ ನಿಜ. ಹಗಲು ಎಮ್ಮೆ, ಕುರಿಗಳ ಕಾಲು ನೋಡುತ್ತೇನೆ. ಸಂಜೆ ಕೈಕಾಲು ಆಡಿಸುವ ಹಳೆಯ ಪ್ಲಾಸ್ಟಿಕ್ ವೀರರ ಕಾಲು ನೋಡುತ್ತೇನೆ. ಈ ವೀರರ ಸೊಂಟದೊಳಗೆ ಒಂದು ರಬ್ಬರ್ ಇರುತ್ತದೆ, ವಯಸ್ಸಾದಾಗ ಅದು ಸಡಿಲವಾಗುತ್ತದೆ. ಸೊಂಟ ಸಡಿಲವಾದ ಮೇಲೂ ಎದೆಯುಬ್ಬಿಸಿ ನಿಲ್ಲುವವರನ್ನು ನಾನು ಗೊಂಬೆಗಳಲ್ಲಿ ಮಾತ್ರವಲ್ಲ, ಸಭೆಗಳಲ್ಲೂ ಕಂಡಿದ್ದೇನೆ. ವೇದಿಕೆಯ ಮೇಲಿರುವವರು ಕ್ಷಮಿಸಬೇಕು.

ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಹಾಗಾಗಿ ಸಂಗ್ರಾಹಕರ ಕೈಪಿಡಿಗಳನ್ನೂ ಇಂಗ್ಲಿಷಿನಲ್ಲೇ ತರಿಸಿ ಓದಿದೆ. ಚೆಂದದ ಪುಸ್ತಕಗಳು. ಪಾದದ ಅಡಿಯಲ್ಲಿರುವ ಅಚ್ಚಿನ ಗುರುತು ಓದುವುದು, ಅಸಲಿಗೂ ನಕಲಿಗೂ ವ್ಯತ್ಯಾಸ ಹಿಡಿಯುವುದು, ಬಣ್ಣ ಉದುರದಂತೆ ಇಡುವುದು, ಎಲ್ಲವನ್ನೂ ಅವುಗಳಿಂದ ಕಲಿತೆ. ಆದರೆ ಅವುಗಳಲ್ಲಿ ಪುಟಪುಟಕ್ಕೂ ಒಂದು ಉಪದೇಶ: ಆಟಿಕೆಯ ಡಬ್ಬಿ ಜೋಪಾನವಾಗಿರಲಿ, ಡಬ್ಬಿ ಬಿಚ್ಚದ ಆಟಿಕೆಯೇ ಶ್ರೇಷ್ಠ. ನಮ್ಮ ಕಡೆ ಡಬ್ಬಿ ಯಾರು ಇಟ್ಟರು? ದನದ ಡಾಕ್ಟರಾಗಿ ಇನ್ನೊಂದು ಮಾತು. ಕೊಟ್ಟಿಗೆಯಿಂದ ಒಮ್ಮೆಯೂ ಹೊರಗೆ ಬಾರದ ಎತ್ತನ್ನು ಶ್ರೇಷ್ಠ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬಾಲಮಣಿಯವರ ಪುಸ್ತಕ ಬೇರೆ ಮಾತು ಹೇಳುತ್ತದೆ. ‘ಡಬ್ಬಿ ಸಿಗುವುದಿಲ್ಲ. ಮನೆಯ ಹಿರಿಯ ಹೆಣ್ಣುಮಗಳನ್ನು ಸೂಜಿದಾರ ಕೇಳಿ. ಅವರು ಯಾವ ಡಬ್ಬಿಯಿಂದ ತೆಗೆದುಕೊಡುತ್ತಾರೋ ನೋಡಿ.’ ಇದನ್ನು ಓದಿ ನಾನು ಒಬ್ಬಳೇ ಕುಳಿತು ನಕ್ಕೆ. ತಗಡಿನ ಆಟಿಕೆಗಳ ಅಧ್ಯಾಯದಲ್ಲಿ ಹುಣಸೆಹಣ್ಣಿಗೇ ಒಂದು ಭಾಗವಿದೆ. ದಸರೆಗೆ ಹಿತ್ತಾಳೆ ಪಾತ್ರೆಗಳ ಜೊತೆ ತಗಡಿನ ಬಸ್ಸು, ಮೋಟಾರುಗಳನ್ನೂ ನಮ್ಮ ತಾಯಂದಿರು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಬಣ್ಣವೆಲ್ಲ ಹೋಯಿತು. ಬೇರೆ ಕೈಪಿಡಿಗಳಲ್ಲಿ ಅಂಥ ಆಟಿಕೆ ಕಸ. ಇಲ್ಲಿ ಅದಕ್ಕೊಂದು ದರ್ಜೆಯುಂಟು, ‘ಹಬ್ಬ ಕಂಡದ್ದು’. ಬಸ್ಸಿನ ಮುಂಭಾಗದಲ್ಲಿ ಕುಂಕುಮದ ಕಲೆಯಿದ್ದರೆ ಒರೆಸಬೇಡಿ ಎಂದೂ ಬರೆದಿದ್ದಾರೆ. ಇಷ್ಟು ಪ್ರೀತಿಯಿಂದ ಬರೆದ ಕೈಪಿಡಿಯನ್ನು ನಾನು ಓದಿರಲಿಲ್ಲ.

ಈ ಪುಸ್ತಕ ಹುಟ್ಟಿದ ಬಗೆಯೂ ಹೇಳುವಂಥದ್ದೇ. ಬಾಲಮಣಿಯವರ ತಂದೆ ರಾಮುಲು ಅವರು ತಾಂಡೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಅಳುವ ಮಕ್ಕಳ ಕೈಗೆ ಕೊಡಲು ಅಲ್ಲಿ ಒಂದಷ್ಟು ಆಟಿಕೆಗಳಿದ್ದವು. ಅವುಗಳ ರಾಜ ಈ ನೀಲಿ ಕವಚದ ಯೋಧ. ಗಲ್ಫಿನಿಂದ ಮರಳಿದ ಯಾರೋ ಗಿರಾಕಿ ತಂದುಕೊಟ್ಟದ್ದು. ತಲೆಗೆ ಶಿರಸ್ತ್ರಾಣ, ಕೈಯಲ್ಲಿ ಕತ್ತಿ. ತಾಂಡೂರು, ಕೊಡಂಗಲ್, ಬಶೀರಾಬಾದ್, ನಾರಾಯಣಖೇಡ, ಎಲ್ಲೆಲ್ಲಿಂದಲೋ ಬಂದ ಮಕ್ಕಳೆಲ್ಲ ಆ ಯೋಧನನ್ನು ಹಿಡಿದೇ ಫೋಟೋ ತೆಗೆಸಿಕೊಂಡರು. ಹೀಗೆ ಸಾವಿರ ಕೈ ತಿರುಗಿದ ಯೋಧ ಮೊದಲು ಕತ್ತಿ ಕಳೆದುಕೊಂಡ, ಆಮೇಲೆ ಶಿರಸ್ತ್ರಾಣ, ಕೊನೆಗೆ ಎಡಗೈ. ಉಳಿದ ಕೈಪಿಡಿಗಳು ವರ್ಷ ನೋಡಿ ಗೊಂಬೆಯ ವಯಸ್ಸು ಹೇಳುತ್ತವೆ. ಬಾಲಮಣಿಯವರು ಗೊಂಬೆಯ ಗಾಯ ನೋಡಿ ಫೋಟೋದ ವಯಸ್ಸು ಹೇಳುತ್ತಾರೆ!

ಇದರಿಂದ ನಮ್ಮ ಕಡೆಯ ಮನೆಮನೆಯಲ್ಲೂ ಒಂದು ತಪ್ಪು ತಿಳಿವಳಿಕೆ ಬೆಳೆಯಿತು. ಗೋಡೆಯ ಫೋಟೋದಲ್ಲಿ ಮಗುವಿನ ಕೈಯಲ್ಲಿ ಗೊಂಬೆಯಿದೆ, ಮನೆಯಲ್ಲಿ ಇಲ್ಲ. ಹಾಗಾದರೆ ಯಾರೋ ಕಳೆದಿರಬೇಕು. ಕೊಡಂಗಲ್‌ನ ಅಣ್ಣತಮ್ಮಂದಿರಿಬ್ಬರು ತಮ್ಮ ತಮ್ಮ ಫೋಟೋ ಹಿಡಿದು ಸ್ಟುಡಿಯೋಕ್ಕೆ ಬಂದು ಜಗಳವಾಡಿದ್ದನ್ನು ಬಾಲಮಣಿಯವರೇ ನನಗೆ ಹೇಳಿದರು.

“ನೀನೇ ಮಾವಿನಕಾಯಿಗಿ ಕೊಟ್ಟು ಬಂದಿದ್ದಿ, ನಂಗೊತ್ತಿಲ್ಲೇನು?” ಎಂದು ಅಣ್ಣ.

“ಅಣ್ಣಾ, ನಾ ಕೊಟ್ಟಿಲ್ಲಂದ್ರ ಕೊಟ್ಟಿಲ್ಲ. ನಮ್ಮವ್ವನ ಆಣಿ,” ಎಂದು ತಮ್ಮ.

ಬಾಲಮಣಿಯವರು ಡ್ರಾಯರ್ ಎಳೆದು ಯೋಧನನ್ನು ಮೇಜಿನ ಮೇಲೆ ನಿಲ್ಲಿಸಿದರಂತೆ. ಇಬ್ಬರೂ ತಮ್ಮ ತಮ್ಮ ಫೋಟೋವನ್ನು ಅದರ ಪಕ್ಕ ಹಿಡಿದು ನೋಡಿದರು. ಆಮೇಲೆ ತಮ್ಮ ಮೆಲ್ಲಗೆ, “ಹಂಗಾರ ಇಷ್ಟು ವರ್ಷ ಸುಮ್ಸುಮ್ನೆ ಬೈಸ್ಕೊಂಡ್ನೇನ್ರಿ ಮೇಡಮ್?” ಎಂದನಂತೆ.

ನೀವು ನಗುತ್ತೀರಿ. ನಾನೂ ನಕ್ಕಿದ್ದೆ. ನಗುವಾಗ ನಮ್ಮ ಮನೆಯ ಗೋಡೆ ನನಗೆ ನೆನಪಾಗಿರಲಿಲ್ಲ.

ನಮ್ಮ ಗೋಡೆಯ ಮೇಲೂ ಒಂದು ಫೋಟೋ ಇದೆ. ಶಾಲೆಗೆ ಸೇರುವ ಮುಂಚೆ ತೆಗೆಸಿದ್ದು. ಎರಡು ಜಡೆ, ಅತ್ತು ಊದಿದ ಕಣ್ಣು, ಕೈಯಲ್ಲಿ ಯೋಧ. ನಮ್ಮಪ್ಪ ಕಾಶಪ್ಪ, ಕುರಿ ಕಾಯುವವರು. ಅವರು ನನಗೆ ಆ ಗೊಂಬೆ ಕೊಡಿಸಿದರು ಎಂದೇ ನಾನು ಬೆಳೆದೆ. ಶಾಲೆಯಲ್ಲಿ ಗೆಳತಿಯರು ತಮ್ಮ ಆಟಿಕೆಗಳ ಬಗ್ಗೆ ಹೇಳಿದಾಗ ನಾನು ನನ್ನ ಯೋಧನ ಬಗ್ಗೆ ಹೇಳುತ್ತಿದ್ದೆ. ಮನೆಗೆ ಬಂದು, ಗೊಂಬೆ ಎಲ್ಲಿ ಎಂದು ಅಪ್ಪನನ್ನು ಕೇಳಿದರೆ, “ಇಟ್ಟೀನವ್ವ, ಜ್ವಾಪಾನ ಇಟ್ಟೀನಿ,” ಎನ್ನುತ್ತಿದ್ದರು. ಮುಂದೆ ಕೇಳುವುದು ಬಿಟ್ಟೆ. ಅಪ್ಪನೂ ಹೋದರು. ನಾನು ಹಳೆಯ ಆಟಿಕೆ ಹುಡುಕುತ್ತ ಊರೂರು ತಿರುಗತೊಡಗಿದ್ದು ಯಾಕೆ ಎಂದು ಯಾರಾದರೂ ಕೇಳಿದರೆ ಏನೇನೋ ಕಾರಣ ಹೇಳುತ್ತೇನೆ. ನಿಜವಾದ ಕಾರಣ ಆ ಗೋಡೆಯ ಮೇಲಿತ್ತು.

ಪುಸ್ತಕದ ಕೊನೆಯ ಪುಟದಲ್ಲಿ ಬಾಲಮಣಿಯವರ ವಿನಂತಿಯಿದೆ: ಯೋಧನ ಜೊತೆ ತೆಗೆಸಿಕೊಂಡ ಫೋಟೋ ನಿಮ್ಮಲ್ಲಿದ್ದರೆ ಮುಂದಿನ ಮುದ್ರಣಕ್ಕಾಗಿ ಅಂಚೆಯಲ್ಲಿ ಕಳಿಸಿ, ಮರಳಿಸುತ್ತೇನೆ ಎಂದು. ಬಹಳ ಕಡಿಮೆ ಜನ ಕಳಿಸಿದ್ದಾರಂತೆ. ಯಾಕೆಂದು ನನಗೆ ಅರ್ಥವಾಗುತ್ತದೆ. ಕಳಿಸುವುದೆಂದರೆ, ಅದು ನಮ್ಮದಾಗಿರಲಿಲ್ಲ ಎಂದು ಒಪ್ಪಿದಂತೆ.

ಭಾಷಣಕ್ಕೆಂದು ನನಗೆ ಮೊದಲೇ ಕೊಟ್ಟಿದ್ದ ಪ್ರತಿಯನ್ನು ಹೋದ ವಾರ ಅವ್ವನ ಮುಂದೆ ಹಿಡಿದೆ. ಪುಸ್ತಕ ತಪ್ಪು, ಗೊಂಬೆ ನಮ್ಮದೇ ಎಂದು ಅವ್ವ ಹೇಳಲಿ ಎಂಬ ಆಸೆ. ಅವ್ವನ ಹೆಸರು ಮಾಳಮ್ಮ. ಎಲೆ ಅಡಿಕೆ ಹಾಕಿಕೊಳ್ಳುತ್ತ ಚಿತ್ರ ನೋಡಿದಳು.

“ಹೌದು, ಇದ ಅದು. ನಮ್ದೆಲ್ಲಿದವ್ವ ಇದು? ನೀ ಅಳಾಕ ಹತ್ತಿದ್ದಿ, ಕೈಯಾಗ ಕೊಟ್ರು. ಫೋಟೋ ಆತು, ನೀ ಬಿಡವಲ್ಲಿ. ನಿಮ್ಮಪ್ಪ ಆ ಸೇಠನ ಮುಂದ ಕೈ ಜೋಡ್ಸಿ ನಿಂತ. ‘ಒಂದು ಮರಿ ಕೊಡ್ತೀನ್ರಿ, ಆ ಗೊಂಬಿ ಕೂಸಿಗಿ ಕೊಟ್ಟುಬಿಡ್ರಿ’ ಅಂದ. ಗೊಂಬಿಗಿ ಕುರಿಮರಿ! ಹುಚ್ಚ ಅದಾನೇನಂತ ನಾ ಹಣಿ ಬಡ್ಕೊಂಡೆ.”

ರಾಮುಲು ಅವರು ನಕ್ಕರಂತೆ. “ಏ ಕಾಶಪ್ಪ, ನಾಳಿ ಬರೋ ಕೂಸು ಅತ್ತರ ನಿನ್ನ ಮರಿನ್ನ ತೊಡಿ ಮ್ಯಾಲ ಕುಂಡ್ರಿಸ್ಲೇನು?” ಎಂದರಂತೆ. ಆಮೇಲೆ ಯೋಧನ ಮುಷ್ಟಿಯಿಂದ ಕತ್ತಿ ಜಗ್ಗಿ ತೆಗೆದು, “ಇದನ್ನ ಒಯ್ಯಿ, ಇದು ಆಕಿಂದು,” ಎಂದು ನನ್ನ ಕೈಗಿಟ್ಟರಂತೆ. ನಾನು ನುಂಗಿಬಿಟ್ಟೇನೆಂದು ಅವ್ವ ದಾರಿಯಲ್ಲೇ ಕಸಿದುಕೊಂಡಳು.

“ಈಗ ಎಲ್ಲದ ಅದು?” ಎಂದೆ.

ಅವ್ವ ತನ್ನ ಸಂಚಿ ತೋರಿಸಿದಳು. ಸಭಿಕರೇ, ನನಗೆ ಬುದ್ಧಿ ಬಂದಾಗಿನಿಂದ ಅವ್ವ ಎಲೆಗೆ ಸುಣ್ಣ ಹಚ್ಚುವ ಆ ಕಡ್ಡಿಯನ್ನು ನೋಡುತ್ತಿದ್ದೇನೆ. ಮುರಿದ ಬಾಚಣಿಗೆಯ ತುಂಡು ಎಂದುಕೊಂಡಿದ್ದೆ. ಆಟಿಕೆಗಳ ತಜ್ಞೆ ಎಂದು ನೀವು ವೇದಿಕೆಗೆ ಕರೆದಿರುವುದು ಇಂಥವಳನ್ನು! ಅಂದು ಅದನ್ನು ತೊಳೆದು ನೋಡಿದೆ. ತುದಿ ಸವೆದಿದೆ; ಹಿಡಿ ಮಾತ್ರ ಇನ್ನೂ ನೀಲಿ.

ಬಾಲಮಣಿಯವರಿಗೆ ಕೊಡೋಣವೇ ಎಂದು ಕೇಳಿದೆ.

“ಎಲಿಗಿ ಸುಣ್ಣ ಯಾತರಲೆ ಹಚ್ಚಲಿ? ನೀ ಎಮ್ಮಿಗಿ ಚುಚ್ಚೋ ಸೂಜಿಲೇನು?” ಎಂದಳು. ಆಮೇಲೆ ಸಂಚಿಯ ದಾರ ಬಿಗಿಯುತ್ತ ಹೇಳಿದಳು: “ನಿಮ್ಮಪ್ಪ ಯಾರ ಮುಂದೂ ಕೈ ಒಡ್ಡಿದಾಂವಲ್ಲ. ಅವತ್ತೊಂದಿನ ಒಡ್ಡಿದ. ಇದು ಹೋಗಂಗಿಲ್ಲ.”

ಅಪ್ಪ ಗೊಂಬೆ ಕೊಡಿಸಿದ್ದರು ಎಂಬುದು ಸುಳ್ಳಾಯಿತು. ಆದರೆ ಒಬ್ಬ ಕುರುಬ ತನ್ನ ಮರಿಯನ್ನು ಪ್ಲಾಸ್ಟಿಕ್ ಗೊಂಬೆಗಾಗಿ ಕೊಡಲು ಸಿದ್ಧನಾಗಿದ್ದ ಎಂಬುದನ್ನು ನಾನು ಯಾವ ಅಳತೆಯಲ್ಲಿ ಅಳೆಯಲಿ? ಮರಿ ಸತ್ತರೆ ಕುರಿಗಾರನ ಮುಖ ಹೇಗಾಗುತ್ತದೆ ಎಂದು ನನ್ನ ಕೆಲಸದಲ್ಲಿ ದಿನವೂ ನೋಡುತ್ತೇನೆ. ಈ ಪುಸ್ತಕ ಬಾರದಿದ್ದರೆ ಅವ್ವ ಇದನ್ನು ಹೇಳುತ್ತಿರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ.

ಬಾಲಮಣಿಯವರೇ, ಮುನ್ನುಡಿಯಲ್ಲಿ ನಿಮ್ಮ ತಂದೆಯ ಬಗ್ಗೆ ಬರೆದಿದ್ದೀರಿ. ಬಲು ಕಟ್ಟುನಿಟ್ಟಿನವರು, ಸ್ಟುಡಿಯೋದ ಒಂದು ಗೋಲಿಯನ್ನೂ ಯಾವ ಮಗುವಿಗೂ ಕೊಟ್ಟವರಲ್ಲ, ನನಗೂ ಕೊಡಲಿಲ್ಲ ಎಂದು. ನಾನು ಬಸ್ಸಿನಲ್ಲಿ ಮತ್ತೆ ಮತ್ತೆ ಓದಿದ್ದು ಆ ಸಾಲನ್ನು. ಮನಸ್ಸು ಬದಲಾದದ್ದು ಅಲ್ಲೇ. ಅವರು ಕೊಟ್ಟಿದ್ದಾರೆ. ತಮ್ಮ ಎಲ್ಲಕ್ಕಿಂತ ಒಳ್ಳೆಯ ಗೊಂಬೆಯ ಕತ್ತಿಯನ್ನೇ ಕಿತ್ತು ಕೊಟ್ಟಿದ್ದಾರೆ. ನಿಮಗೂ ಹೇಳದೆ ಇದ್ದುಬಿಟ್ಟಿದ್ದಾರೆ.

ಕತ್ತಿಯನ್ನು ನಾನು ತರಲಿಲ್ಲ. ತರುವುದೂ ಇಲ್ಲ; ಅವ್ವನಿಗೆ ಅದರ ಕೆಲಸವಿದೆ. ಮುಂದಿನ ಮುದ್ರಣದಲ್ಲಿ ಆ ಸಾಲನ್ನು ಹೀಗೆ ತಿದ್ದಬೇಕೆಂದು ಕೋರುತ್ತೇನೆ: ‘ಕತ್ತಿ: ರಾಮುಲು ಅವರು ಒಂದು ಮಗುವಿಗೆ ಕೊಟ್ಟರು. ಬಳಕೆಯಲ್ಲಿದೆ.’

ಫೋಟೋ ಮಾತ್ರ ನಿಮ್ಮ ಪುಸ್ತಕಕ್ಕೆ ಸೇರಬೇಕಾದದ್ದು. ಬುಧವಾರ ಅದನ್ನು ಗೋಡೆಯಿಂದ ಇಳಿಸಿ ಫ್ರೇಮ್ ಬಿಚ್ಚಿಸುತ್ತೇನೆ. ಇಷ್ಟು ಹೊತ್ತು ಕೇಳಿದಿರಿ, ಕರೆದು ಮಾತಾಡಿಸಿದಿರಿ. ಸಂಘಕ್ಕೆ, ಬಾಲಮಣಿಯವರಿಗೆ, ನಿಮಗೆಲ್ಲರಿಗೆ ನನ್ನ ಕೃತಜ್ಞತೆ, ನಮಸ್ಕಾರ. ಫೋಟೋವನ್ನು ನಾರಾಯಣಖೇಡದ ಅಂಚೆ ಕಚೇರಿಯಿಂದ ಕಳಿಸುವುದು ಗುರುವಾರ, ಫೆಬ್ರವರಿ ಹನ್ನೆರಡರಂದು.